ಗರುಡ ಕುವರಲಕ್ಷ್ಮ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿನಲ್ಲಿ ಬುಕ್ಕಾಂಬುಧಿ ಎಂಬ ಊರಿದೆ. ಅಂಬುಧಿ ಎಂದರೆ ಸಮುದ್ರ. ಕಡಲಿನಿಂದ ಬಹುದೂರದಲ್ಲಿರುವ ಈ ಊರಿಗೆ ಕಡಲಿನ ಹೆಸರು ಬಂದುದು ಅಲ್ಲಿನ ಕೆರೆಯಿಂದ. ಕೆರೆಯ ನೀರಿನೊಡನೆ ಬುಕ್ಕ ಎಂಬ ಹೆಸರೂ ಜನರ ನಾಲಗೆಯ ಮೇಲೆ ಉಳಿದುಬಂದಿದೆ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರವೂ ಹೀಗೆಯೇ ತನ್ನ ದೊಡ್ಡ ಕೆರೆಯಿಂದ ಸಮುದ್ರವೆಂಬ ಹೆಸರನ್ನು ಪಡೆಯಿತು. ಅದನ್ನೇ ಇಂದು ಹಳೇಬೀಡು ಎಂದು ಕರೆಯುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಕೆರೆಗಳಿರುವಂತೆ ವೀರಗಲ್ಲುಗಳೂ ಇವೆ. ಹೊಲದ ಬದುವಿನಲ್ಲಿ, ಗುಡಿಯ ಹಿಂದೆ, ಊರಬಾಗಿಲ ಬಳಿಯಲ್ಲಿ ನಿಂತಿರುವ ಆ ಕಲ್ಲುಗಳು ಎಂದೋ ಮಡಿದವರ ನೆನಪನ್ನು ಹೊತ್ತಿವೆ. ಮನುಷ್ಯನು ಸಾಯುತ್ತಾನೆ, ಆದರೆ ತಾನು ಪೂರ್ತಿಯಾಗಿ ಅಳಿದುಹೋಗಬಾರದೆಂಬ ಹಂಬಲ ಅವನಿಗೆ ಸಹಜವಾದುದು. ಆ ಹಂಬಲವೇ ಕೆರೆಯನ್ನು ಕಟ್ಟಿಸಿತು, ಗುಡಿಯನ್ನು ಎತ್ತಿಸಿತು, ಕಲ್ಲನ್ನು ನಿಲ್ಲಿಸಿತು.

ಸಾವಿನ ಕುರಿತು ಇಷ್ಟೊಂದು ಯೋಚಿಸಿದ ಪ್ರಾಚೀನ ಜನರಲ್ಲಿ ಈಜಿಪ್ಟಿನವರು ಅಗ್ರಗಣ್ಯರು. ನೈಲ್ ನದಿಯ ದಡದಲ್ಲಿ ಬಾಳಿದ ಆ ಜನರು ಮರಣವನ್ನು ಬದುಕಿನ ಕೊನೆಯೆಂದು ಎಣಿಸಲಿಲ್ಲ. ದೇಹವು ಉಳಿದರೆ ಮಾತ್ರ ಆತ್ಮಕ್ಕೆ ನೆಲೆಯುಂಟೆಂದು ಅವರು ನಂಬಿದ್ದರು. ಆದುದರಿಂದ ಸತ್ತವನ ದೇಹವನ್ನು ಒಂದು ಬಗೆಯ ಉಪ್ಪಿನಲ್ಲಿ ಒಣಗಿಸಿ, ನಾರುಬಟ್ಟೆಯಿಂದ ಸುತ್ತಿ, ಕೆಡದಂತೆ ಕಾಪಾಡುತ್ತಿದ್ದರು. ಈ ಕಾರ್ಯಕ್ಕೆ 70 ದಿನಗಳು ಹಿಡಿಯುತ್ತಿದ್ದವು. ಮಿದುಳನ್ನು ಹೊರತೆಗೆದು ಬಿಸುಡುತ್ತಿದ್ದವರು ಹೃದಯವನ್ನು ಮಾತ್ರ ದೇಹದಲ್ಲಿಯೇ ಉಳಿಸುತ್ತಿದ್ದರು. ಏಕೆಂದರೆ ಪರಲೋಕದಲ್ಲಿ ಒಸಿರಿಸ್ ದೇವತೆಯ ಎದುರಿಗೆ ಆ ಹೃದಯವನ್ನು ತಕ್ಕಡಿಯಲ್ಲಿಟ್ಟು ತೂಗುವರೆಂದು ಅವರ ನಂಬಿಕೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಸತ್ಯದೇವತೆಯ ಗರಿಯೊಂದು ಇರುತ್ತಿತ್ತು. ಪಾಪದಿಂದ ಭಾರವಾದ ಹೃದಯಕ್ಕೆ ಪರಲೋಕದಲ್ಲಿ ಸ್ಥಾನವಿರಲಿಲ್ಲ. ಶವಯಾತ್ರೆಯಲ್ಲಿ ಹೆಂಗಸರು ತಲೆಗೆ ಮಣ್ಣು ಎರಚಿಕೊಂಡು, ಎರಡು ಕೈಗಳನ್ನೂ ಮೇಲೆತ್ತಿ ಗೋಳಿಡುತ್ತಿದ್ದ ದೃಶ್ಯಗಳು ಅಲ್ಲಿನ ಸಮಾಧಿಗಳ ಗೋಡೆಗಳ ಮೇಲೆ ಇಂದಿಗೂ ಕಾಣುತ್ತವೆ.

ಆದರೆ ಆ ನಂಬಿಕೆಗೆ ಒಂದು ಕರಾಳ ಮುಖವೂ ಇದ್ದಿತು. ಇಲ್ಲಿ ಅರಸನಾಗಿದ್ದವನು ಅಲ್ಲಿಯೂ ಅರಸನೇ ಆಗಿರಬೇಕಷ್ಟೆ! ಅರಸನಿಗೆ ಅಲ್ಲಿ ಸೇವಕರು ಬೇಡವೆ? ಈಗಿನಿಂದ ಸುಮಾರು 5000 ವರ್ಷಗಳ ಹಿಂದೆ, ಮೊದಲನೆಯ ರಾಜವಂಶದ ಕಾಲದಲ್ಲಿ, ಅಬೈಡಸ್ ಎಂಬಲ್ಲಿ ಜೆರ್ ಎಂಬ ದೊರೆಯನ್ನು ಸಮಾಧಿ ಮಾಡಿದಾಗ ಅವನ ಸುತ್ತ 300ಕ್ಕೂ ಹೆಚ್ಚು ಸಣ್ಣ ಸಮಾಧಿಗಳು ಎದ್ದವು. ಅವು ಅವನ ಪರಿವಾರದವರ ಸಮಾಧಿಗಳು. ಒಡೆಯನೊಡನೆ ಹೋಗಲೆಂದು ಅವರ ಪ್ರಾಣವನ್ನು ಬಲಿಕೊಡಲಾಯಿತೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆ ರಾಜವಂಶದ ಬಳಿಕ ಈ ಪದ್ಧತಿಯು ನಿಂತುಹೋಯಿತು. ಕಾಲಾಂತರದಲ್ಲಿ ಮನುಷ್ಯರಿಗೆ ಬದಲಾಗಿ ಉಷಬ್ತಿ ಎಂಬ ಪುಟ್ಟ ಬೊಂಬೆಗಳನ್ನು ಸಮಾಧಿಯಲ್ಲಿ ಇಡುವ ರೂಢಿ ಬಂದಿತು. ಪರಲೋಕದ ಹೊಲಗಳಲ್ಲಿ ಕೆಲಸಕ್ಕೆ ಕರೆ ಬಂದಾಗ ಒಡೆಯನ ಪರವಾಗಿ ಆ ಬೊಂಬೆಗಳೇ ಓಗೊಡುವುವೆಂದು ಜನರು ನಂಬಿದರು. 1922ರಲ್ಲಿ ಬೆಳಕಿಗೆ ಬಂದ ತುತಂಖಾಮನ್ ದೊರೆಯ ಸಮಾಧಿಯಲ್ಲಿ ಇಂತಹ 413 ಬೊಂಬೆಗಳಿದ್ದವು.

ಒಡೆಯನೊಡನೆ ಸೇವಕನೂ ಸಾಯುವ ಪದ್ಧತಿಯು ಕನ್ನಡನಾಡಿಗೆ ಅಪರಿಚಿತವಾಗಿರಲಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ದೊರೆತ ಒಂಬತ್ತನೆಯ ಶತಮಾನದ ಕಲ್ಲೊಂದರ ಮೇಲೆ ಗಂಗರ ದೊರೆ ನೀತಿಮಾರ್ಗನು ಮರಣಶಯ್ಯೆಯಲ್ಲಿ ಮಲಗಿರುವ ಚಿತ್ರವಿದೆ. ಅವನ ಮಗ ಪಕ್ಕದಲ್ಲಿ ನಿಂತಿದ್ದಾನೆ; ಮನೆಯ ಸೇವಕನಾದ ಅಗರಯ್ಯನು ಒಡೆಯನ ಬಳಿ ಕುಳಿತಿದ್ದಾನೆ. ಆ ಅಗರಯ್ಯನು ದೊರೆಗೆ ಕೀಳ್ಗುಂಟೆಯಾದನೆಂದು ಶಾಸನವು ತಿಳಿಸುತ್ತದೆ. ಒಡೆಯನ ಗುಂಡಿಯ ಕೆಳಗೆ ತನ್ನ ಗುಂಡಿಯನ್ನು ಮಾಡಿಕೊಳ್ಳುವುದೇ ಕೀಳ್ಗುಂಟೆ. ಅಂದಿನ ಸಮಾಜದಲ್ಲಿ ಇಂತಹ ನಿಷ್ಠೆಯನ್ನು ಸೂಚಿಸುವ ಮಾತುಗಳು ಹಲವು ಇದ್ದವು. ಉಂಡ ಅನ್ನದ ಋಣವನ್ನು ತೀರಿಸುವುದಕ್ಕೆ ಜೋಳವಾಳಿಯೆಂದೂ, ಹೊತ್ತು ಬಂದಾಗ ಪ್ರಾಣವನ್ನೇ ನೀಡುವೆನೆಂಬ ನೇಮಕ್ಕೆ ವೇಳೆವಾಳಿಯೆಂದೂ, ಸೇವೆಗಾಗಿಯೇ ಬಾಳನ್ನು ಮುಡಿಪಿಟ್ಟವನಿಗೆ ಲೆಂಕನೆಂದೂ ಹೆಸರಿದ್ದಿತು. ಈ ಎಲ್ಲ ನಿಷ್ಠೆಗಳ ತುತ್ತತುದಿಯಲ್ಲಿ ನಿಂತವರು ಗರುಡರು. ಆ ಗರುಡರಲ್ಲಿ ಕುವರಲಕ್ಷ್ಮನ ಹೆಸರು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಕುವರಲಕ್ಷ್ಮನ ಬಾಳು ಅವನ ಒಡೆಯನಾದ ಇಮ್ಮಡಿ ವೀರಬಲ್ಲಾಳನ ಬಾಳಿನೊಡನೆ ಹೆಣೆದುಕೊಂಡಿದೆ. ಬಲ್ಲಾಳನು ಒಂದನೆಯ ನರಸಿಂಹನ ಮಗ, ವಿಷ್ಣುವರ್ಧನನ ಮೊಮ್ಮಗ. ತಂದೆಯ ಆಳಿಕೆಯಲ್ಲಿ ರಾಜ್ಯವು ಬಲಗುಂದುತ್ತಿರುವುದನ್ನು ಕಂಡ ಅವನು 1173ರಲ್ಲಿ ಸಿಂಹಾಸನವನ್ನೇರಿದನು. ಪಾಂಡ್ಯರ ವಶದಲ್ಲಿದ್ದ ಉಚ್ಚಂಗಿಯ ಕೋಟೆಯನ್ನು ಗೆದ್ದನು. ಕಲ್ಯಾಣದ ಚಾಲುಕ್ಯರ ಪ್ರಭುತ್ವವು ಕುಸಿಯುತ್ತಿದ್ದ ಆ ಕಾಲದಲ್ಲಿ ಉತ್ತರದಿಂದ ಯಾದವರು ನುಗ್ಗಿಬಂದರು. ಸೊರಟೂರಿನ ಕಾಳಗದಲ್ಲಿ ಬಲ್ಲಾಳನು ಯಾದವ ಭಿಲ್ಲಮನ ದೊಡ್ಡ ಸೈನ್ಯವನ್ನು ಸೋಲಿಸಿದನು. ಅಲ್ಲಿಯವರೆಗೆ ಸಾಮಂತರಾಗಿದ್ದ ಹೊಯ್ಸಳರು ಅವನ ಕಾಲದಲ್ಲಿ ಸ್ವತಂತ್ರ ಚಕ್ರವರ್ತಿಗಳಾದರು. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಮುಂತಾದ ಬಿರುದುಗಳು ಅವನ ಪರಾಕ್ರಮವನ್ನು ಸಾರುತ್ತವೆ.

ಇಂತಹ ದೊರೆಯ ನೆರಳಿನಲ್ಲಿ ಲಕ್ಷ್ಮನು ಬೆಳೆದನು. ಬಲ್ಲಾಳನು ಅವನನ್ನು ಮಗನಂತೆ ಸಾಕಿ ಸಲಹಿದನೆಂದು ಶಾಸನವು ವರ್ಣಿಸುತ್ತದೆ. ಕುವರನೆಂಬ ಮಾತಿಗೆ ಮಗನೆಂದೂ ರಾಜಕುಮಾರನೆಂದೂ ಅರ್ಥವುಂಟು. ಅರಮನೆಯಲ್ಲಿ ಹುಟ್ಟದಿದ್ದರೂ ಅರಸನ ಮಗನೆಂಬ ಮನ್ನಣೆ ಅವನಿಗೆ ದೊರೆಯಿತು. ಕಾಲಕ್ರಮದಲ್ಲಿ ಅವನು ದಂಡನಾಯಕನಾದನು, ಮಂತ್ರಿಯೂ ಆದನು. ರಾಜ್ಯದ ಆಡಳಿತದಲ್ಲಿ ದೊರೆಯ ಬಲಗೈಯಾಗಿ ನಿಂತನು. ದೊರೆಗೂ ಅವನಿಗೂ ಭೇದವೇ ಇಲ್ಲವೆಂಬಂತೆ ಇಬ್ಬರೂ ಬಾಳಿದರು. ಸಾವಿರ ಮಂದಿ ವೀರರ ಪಡೆಯೊಂದು ಸದಾ ಅವನೊಡನೆ ಇದ್ದಿತು.

ಗರುಡನೆಂಬ ಹೆಸರಿನ ಹಿಂದೆ ಪುರಾಣದ ಕಥೆಯಿದೆ. ವಿನತೆಯ ಮಗನಾದ ಗರುಡನು ಅಮೃತವನ್ನು ತಂದು ತಾಯಿಯನ್ನು ದಾಸ್ಯದಿಂದ ಬಿಡಿಸಿದನು. ಅನಂತರ ವಿಷ್ಣುವಿನ ವಾಹನವಾಗಿ ಅವನ ಸೇವೆಯಲ್ಲಿಯೇ ನಿಂತನು. ವಿಷ್ಣುವಿಗೆ ಗರುಡನು ಹೇಗೋ ದೊರೆಗೆ ತಾನು ಹಾಗೆ ಎಂದು ಪ್ರತಿಜ್ಞೆ ಮಾಡಿದ ವೀರನೇ ಹೊಯ್ಸಳರ ಕಾಲದ ಗರುಡ. ಅವನು ದೊರೆಯನ್ನು ಎಂದೂ ಅಗಲುವಂತಿರಲಿಲ್ಲ. ದೊರೆ ಬದುಕಿರುವವರೆಗೆ ಅವನ ಪ್ರಾಣಕ್ಕೆ ಕಾವಲು; ದೊರೆ ಸತ್ತರೆ ಅವನೊಡನೆ ತಾನೂ ಸಾವಿಗೆ ಸಂಗಾತಿ. ರಣರಂಗದಲ್ಲಿ ಮಡಿಯುವ ಸೈನಿಕನಿಗೂ ಗರುಡನಿಗೂ ಇದ್ದ ವ್ಯತ್ಯಾಸ ಇದೇ. ಸೈನಿಕನಿಗೆ ಸಾವು ಬರಬಹುದು, ಬಾರದಿರಬಹುದು; ಗರುಡನಾದರೋ ತನ್ನ ಸಾವಿನ ಸಂದರ್ಭವನ್ನು ಮೊದಲೇ ಗೊತ್ತುಮಾಡಿಕೊಂಡು ಬಾಳುತ್ತಿದ್ದನು.

ಈ ವ್ರತದ ಗುರುತಾಗಿ ಕುವರಲಕ್ಷ್ಮನು ತನ್ನ ಎಡಗಾಲಿಗೆ ತೊಡರು ಎಂಬ ಬಳೆಯನ್ನು ಧರಿಸಿದನು. ಅವನ ಮಡದಿ ಸುಗ್ಗಲದೇವಿ. ಗಂಡನ ವ್ರತವೇ ತನ್ನ ವ್ರತವೆಂದು ತಿಳಿದ ಆಕೆಯೂ ಕಾಲಿಗೆ ಹೊನ್ನಿನ ತೊಡರನ್ನು ತೊಟ್ಟಳು. ನೋಡುವವರಿಗೆ ಅದೊಂದು ಆಭರಣ. ತೊಟ್ಟವರಿಗೆ ಮಾತ್ರ ಅದು ಹೆಜ್ಜೆಹೆಜ್ಜೆಗೂ ಕೊಟ್ಟ ಮಾತನ್ನು ನೆನಪಿಸುವ ಸಂಕೋಲೆ. ಆ ಬಳೆಯನ್ನು ತೊಟ್ಟು ಅವರಿಬ್ಬರೂ ಸಂಸಾರ ನಡೆಸಿದರು; ಹಬ್ಬಹರಿದಿನಗಳನ್ನು ಆಚರಿಸಿದರು; ಅರಮನೆಯ ಸಂಭ್ರಮಗಳಲ್ಲಿ ಪಾಲ್ಗೊಂಡರು. ಅರಸನಿಗೆ ಜ್ವರ ಬಂದಿತೆಂಬ ಸುದ್ದಿಯು ಉಳಿದವರ ಮನೆಯಲ್ಲಿ ಚಿಂತೆಯ ಮಾತಾಗಿದ್ದರೆ, ಈ ಮನೆಯಲ್ಲಿ ಅದು ಸಾವು ಬದುಕಿನ ಮಾತಾಗಿದ್ದಿರಬೇಕು.

ವೀರಬಲ್ಲಾಳನ ಆಸ್ಥಾನದಲ್ಲಿ ಸೇವೆಯ ದಾರಿ ಇದೊಂದೇ ಆಗಿರಲಿಲ್ಲ. ಅದೇ ದೊರೆಯ ಇನ್ನೊಬ್ಬ ದಂಡನಾಯಕನು ಅಮೃತೇಶ್ವರ. ಅವನು 1196ರಲ್ಲಿ ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಶಿವನಿಗೆ ಸುಂದರವಾದ ದೇವಾಲಯವನ್ನು ಕಟ್ಟಿಸಿದನು. ಅದರ ಗೋಡೆಗಳ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ ಕಥೆಗಳನ್ನು ಶಿಲ್ಪಿಗಳು ಕೊರೆದರು. ಹೊಯ್ಸಳ ಶಿಲ್ಪಿಗಳಲ್ಲಿ ಹೆಸರಾದ ಮಲ್ಲಿತಮ್ಮನ ಉಳಿಯ ಕೆಲಸ ಅಲ್ಲಿದೆ. ಅಲ್ಲಿನ ಶಾಸನವನ್ನು ರಚಿಸಿದವನು ಕವಿ ಜನ್ನ. ಜನ್ನನು ಬಲ್ಲಾಳನ ಆಸ್ಥಾನಕವಿಯಾಗಿ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದವನು. ಹೀಗೆ ಒಬ್ಬ ಸೇನಾನಿಯು ತನ್ನ ದೊರೆಯ ಕಾಲವನ್ನು ಗುಡಿಯಲ್ಲಿ ಉಳಿಸಿದನು. ಒಬ್ಬ ಕವಿಯು ಅದನ್ನು ಅಕ್ಷರದಲ್ಲಿ ಉಳಿಸಿದನು. ಕುವರಲಕ್ಷ್ಮನಾದರೋ ತನ್ನ ದೇಹವನ್ನೇ ಅದಕ್ಕೆ ಮೀಸಲಾಗಿಟ್ಟನು.

ಸುಮಾರು 47 ವರ್ಷಗಳ ಕಾಲ ರಾಜ್ಯವಾಳಿದ ವೀರಬಲ್ಲಾಳನು 1220ರಲ್ಲಿ ತೀರಿಕೊಂಡನು. ದೋರಸಮುದ್ರವು ಶೋಕದಲ್ಲಿ ಮುಳುಗಿತು. ಅವನ ಮಗ ಇಮ್ಮಡಿ ನರಸಿಂಹನು ಪಟ್ಟಕ್ಕೆ ಬಂದನು. ಹೊಸ ದೊರೆಗೆ ಅನುಭವಿಯಾದ ಮಂತ್ರಿಯ ನೆರವು ಬೇಕಾಗಿದ್ದ ಸಮಯವದು. ಆದರೆ ಕುವರಲಕ್ಷ್ಮನ ಕಾಲಿನಲ್ಲಿದ್ದ ತೊಡರು ಅವನನ್ನು ಬೇರೊಂದು ದಾರಿಗೆ ಸೆಳೆಯುತ್ತಿದ್ದಿತು. ಅವನು ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಡೆಯನ ಮೇಲಣ ಭಕ್ತಿಯನ್ನು ಸಾರುವ ವೀರಶಾಸನದ ಕಂಬವನ್ನು ಮಡದಿಯೊಡನೆ ಏರಿ, ಆ ಇಬ್ಬರೂ ಲಕ್ಷ್ಮಿಯಲ್ಲಿಯೂ ಗರುಡನಲ್ಲಿಯೂ ಒಂದಾದರೆಂದು ಶಾಸನದ ಕವಿಯು ವರ್ಣಿಸಿದ್ದಾನೆ. ಕಾವ್ಯದ ಆ ಮಾತಿನ ಹಿಂದೆ ಇಬ್ಬರು ಮನುಷ್ಯರ ಮರಣವಿದೆಯೆಂಬುದನ್ನು ಓದುವವರು ಮರೆಯಬಾರದು.

ಆ ಕಂಬವು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣ ಭಾಗದಲ್ಲಿ ಇಂದಿಗೂ ನಿಂತಿದೆ. ಅದರ ಮೇಲೆ ಹಳಗನ್ನಡದ ಬರಹವಿದೆ. ಬರಹದೊಡನೆ ಕೆಲವು ವೀರರ ಆಕೃತಿಗಳಿವೆ. ಅವರ ಕೈಯ ಕತ್ತಿಗಳು ಶತ್ರುಗಳತ್ತ ತಿರುಗಿಲ್ಲ, ಅವರ ಕೊರಳುಗಳತ್ತಲೇ ತಿರುಗಿವೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಈ ಶಾಸನವು ಅಚ್ಚಾಗಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇವಾಲಯದ ಗೋಡೆಗಳ ಆನೆ, ಕುದುರೆ, ದೇವತೆಗಳ ಸಾಲುಗಳನ್ನು ನೋಡಿ ಬೆರಗಾಗುವ ಪ್ರವಾಸಿಗರಲ್ಲಿ ಎಷ್ಟೋ ಮಂದಿ ಈ ಕಂಬವನ್ನು ಗಮನಿಸದೆಯೇ ಮುಂದೆ ಸಾಗುತ್ತಾರೆ.

ಕುವರಲಕ್ಷ್ಮನ ಬಳಿಕವೂ ಈ ಪದ್ಧತಿಯು ನಿಲ್ಲಲಿಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಆನೆಯ ಶಿಲ್ಪಗಳನ್ನು ಹೊತ್ತ ಗರುಡಗಂಬಗಳಿವೆ. ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ದೊರೆಗಳಿಗೆ ಗರುಡರಾಗಿ ಪ್ರಾಣವನ್ನು ಒಪ್ಪಿಸಿದ ಸಂಗತಿಯನ್ನು ಅವು ಹೇಳುತ್ತವೆ. ತಾತ ಮಾಡಿದ ಪ್ರತಿಜ್ಞೆಯ ಭಾರವು ಮೊಮ್ಮಗನ ಹೆಗಲಿಗೂ ಬೀಳುತ್ತಿದ್ದಿತು. ಪ್ರೀತಿಯಿಂದ ಹುಟ್ಟಿದ ವ್ರತವು ಹೀಗೆ ಕಟ್ಟಳೆಯಾಗಿ ಬೆಳೆಯಿತು.

ಇಷ್ಟು ಜನರು ಸಾವನ್ನು ಹೀಗೆ ಅಪ್ಪಿಕೊಳ್ಳಲು ಕಾರಣವೇನು? ವೀರಗಲ್ಲುಗಳನ್ನು ನೋಡಿದರೆ ಇದಕ್ಕೆ ಒಂದು ಉತ್ತರ ದೊರೆಯುತ್ತದೆ. ಅವುಗಳ ಕೆಳಗಿನ ಹಂತದಲ್ಲಿ ವೀರನು ಹೋರಾಡುತ್ತಿರುತ್ತಾನೆ. ನಡುವಣ ಹಂತದಲ್ಲಿ ದೇವಕನ್ನಿಕೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನ ಹಂತದಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರು ಇರುತ್ತಾರೆ. ಅವರು ಇರುವವರೆಗೆ ಆ ಕೀರ್ತಿಯೂ ಇರುತ್ತದೆಂಬುದು ಅದರ ಅರ್ಥ. ಈಜಿಪ್ಟಿನವನು ದೇಹವನ್ನು ಉಳಿಸಿ ಪರಲೋಕವನ್ನು ಗೆಲ್ಲಲು ಹೊರಟನು. ಕನ್ನಡದ ವೀರನು ದೇಹವನ್ನು ತೊರೆದು ಅದನ್ನು ಗೆಲ್ಲಲು ಹೊರಟನು. ಇದರ ಜೊತೆಗೆ ಲೌಕಿಕವಾದ ಕಾರಣಗಳೂ ಇದ್ದವು. ಮಡಿದ ವೀರನ ಮನೆಯವರಿಗೆ ನೆತ್ತರುಕೊಡಗೆ ಎಂಬ ಹೆಸರಿನಿಂದ ಭೂಮಿಯನ್ನು ಕೊಡುತ್ತಿದ್ದರು. ದೊರೆಗೂ ಇದರಿಂದ ಲಾಭವಿದ್ದಿತು. ತನ್ನ ಸಾವೇ ಅಂಗರಕ್ಷಕನ ಸಾವೂ ಆಗಿರುವಾಗ ಅಂತಹ ಅಂಗರಕ್ಷಕನಿಂದ ದ್ರೋಹ ಬರುವ ಭಯವಿಲ್ಲವಷ್ಟೆ.

ಕುವರಲಕ್ಷ್ಮನ ನಿಷ್ಠೆಯನ್ನು ಯಾರೂ ಅಲ್ಲಗಳೆಯಲಾರರು. ಹಣಕ್ಕೋ ಅಧಿಕಾರಕ್ಕೋ ಒಡೆಯನನ್ನು ಮಾರಿದವರ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟು ಇವೆ. ಅಂತಹವರ ನಡುವೆ, ಸುಖದ ದಿನಗಳಲ್ಲಿ ಆಡಿದ ಮಾತನ್ನು ಕಷ್ಟದ ಗಳಿಗೆಯಲ್ಲಿ ನಡೆಸಿಕೊಟ್ಟ ಕುವರಲಕ್ಷ್ಮನು ಎದ್ದುಕಾಣುತ್ತಾನೆ. ಆದರೆ ಅವನ ನಿಷ್ಠೆಯನ್ನು ಗೌರವಿಸುವುದು ಬೇರೆ, ಅವನು ಹಿಡಿದ ದಾರಿಯನ್ನು ಒಪ್ಪುವುದು ಬೇರೆ. ಸತ್ತ ದೊರೆಗೆ ಅವನ ಸಾವಿನಿಂದ ಏನೂ ದೊರೆಯಲಿಲ್ಲ. ಬದುಕಿದ್ದ ರಾಜ್ಯಕ್ಕೆ ಮಾತ್ರ ಒಬ್ಬ ಸಮರ್ಥ ಮಂತ್ರಿಯು ಇಲ್ಲವಾದನು. ಬಲ್ಲಾಳನು ಅವನನ್ನು ಮಗನಂತೆ ಸಾಕಿದ್ದನು. ಯಾವ ತಂದೆ ತಾನೆ ತನ್ನೊಡನೆ ಮಗನೂ ಸಾಯಲೆಂದು ಬಯಸುತ್ತಾನೆ? ತಂದೆಯ ಮನೆಯನ್ನೂ ಕೆಲಸವನ್ನೂ ಮುಂದುವರಿಸುವುದೇ ಮಗನ ಧರ್ಮ. ಸುಗ್ಗಲದೇವಿಯ ವಿಷಯದಲ್ಲಂತೂ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಗಂಡನು ದೊರೆಗೆ ಕಟ್ಟುಬಿದ್ದನು. ಹೆಂಡತಿ ಗಂಡನಿಗೆ ಕಟ್ಟುಬಿದ್ದಳು. ಬೇರೆ ದಾರಿಯನ್ನು ಆರಿಸಿಕೊಳ್ಳುವ ಅವಕಾಶ ಅಂದಿನ ಹೆಣ್ಣಿಗೆ ಎಷ್ಟರಮಟ್ಟಿಗೆ ಇದ್ದಿತೆಂಬುದನ್ನು ಕಲ್ಲಿನ ಬರಹ ಹೇಳುವುದಿಲ್ಲ.

ಈ ಪ್ರಶ್ನೆಯು ಇಂದಿನವರಿಗೆ ಮಾತ್ರ ಹೊಳೆದದ್ದಲ್ಲ. ಬಲ್ಲಾಳನ ಆಸ್ಥಾನದಲ್ಲಿಯೇ ಪ್ರಾಣದ ಬೆಲೆಯನ್ನು ಆಳವಾಗಿ ಚಿಂತಿಸಿದವನೊಬ್ಬನಿದ್ದನು. ಜನ್ನನ ಯಶೋಧರ ಚರಿತೆಯು 1209ರ ಕಾವ್ಯ. ಯಶೋಧರನೆಂಬ ಅರಸನು ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯೊಂದನ್ನು ದೇವತೆಗೆ ಬಲಿಕೊಡುತ್ತಾನೆ. ಕೊಂದದ್ದು ಹಿಟ್ಟಿನ ಕೋಳಿಯನ್ನಾದರೂ ಕೊಲ್ಲುವ ಸಂಕಲ್ಪವು ನಿಜವಾದುದೇ. ಆ ಸಂಕಲ್ಪದ ಪಾಪಕ್ಕಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ನೋಯಬೇಕಾಗುತ್ತದೆ. ಈಜಿಪ್ಟಿನವರು ಮನುಷ್ಯನ ಬದಲಿಗೆ ಬೊಂಬೆಯನ್ನು ಇಡುವಷ್ಟು ದೂರ ನಡೆದರು. ಜನ್ನನ ಕಾವ್ಯವು ಬೊಂಬೆಯ ಕೊಲೆಯನ್ನೂ ಒಪ್ಪದಷ್ಟು ದೂರ ನಡೆಯಿತು. ಹಿಟ್ಟಿನ ಕೋಳಿಗಾಗಿ ಮರುಗಿದ ಕಾವ್ಯವೂ ಸಾವಿಗೆ ಮುಡಿಪಾದ ಗರುಡನೂ ಒಂದೇ ಕಾಲದಲ್ಲಿ, ಒಬ್ಬನೇ ದೊರೆಯ ಆಶ್ರಯದಲ್ಲಿ ಇದ್ದರೆಂಬುದು ಇತಿಹಾಸದ ಸೋಜಿಗ.

ಎಂಟುನೂರು ವರ್ಷಗಳು ಉರುಳಿವೆ. 1311ರಲ್ಲಿ ದೋರಸಮುದ್ರವು ಮಲಿಕ್ ಕಾಫರನ ದಾಳಿಗೆ ತುತ್ತಾಯಿತು. ಕೆಲವೇ ದಶಕಗಳಲ್ಲಿ ಹೊಯ್ಸಳ ರಾಜ್ಯವೂ ಅಳಿಯಿತು. ಗರುಡರು ಪ್ರಾಣ ನೀಡಿ ಮೆರೆಸಿದ ಸಿಂಹಾಸನದ ಗುರುತೂ ಇಂದು ಇಲ್ಲ. ಆದರೆ ದೋರಸಮುದ್ರದ ಕೆರೆ ಇದೆ. ಅಮೃತಾಪುರದ ಗುಡಿಯಿದೆ. ಜನ್ನನ ಕಾವ್ಯವನ್ನು ಜನರು ಓದುತ್ತಿದ್ದಾರೆ. ಬುಕ್ಕಾಂಬುಧಿಯ ಹೆಸರಿನಲ್ಲಿ ಬುಕ್ಕನ ನೆನಪಿದೆ. ಬದುಕಿದ್ದಾಗ ಹತ್ತು ಜನರಿಗೆ ಉಪಯೋಗವಾಗುವಂತೆ ಮಾಡಿದ ಕೆಲಸವು ಮಾಡಿದವನ ಮರಣದ ಬಳಿಕವೂ ದುಡಿಯುತ್ತಿರುತ್ತದೆ. ಕುವರಲಕ್ಷ್ಮನ ಕಂಬವೂ ಅವುಗಳ ನಡುವೆ ನಿಂತಿದೆ. ಕೊಟ್ಟ ಮಾತಿಗೆ ತಪ್ಪಬಾರದೆಂಬ ಪಾಠವನ್ನು ಅದು ಒಂದು ಕಡೆ ಹೇಳುತ್ತದೆ. ಎಂತಹ ಮಾತನ್ನು ಕೊಡಬೇಕು, ಎಂತಹ ಮಾತನ್ನು ಒಬ್ಬರಿಂದ ಕೇಳಬಾರದು ಎಂಬ ವಿವೇಕವನ್ನು ಇನ್ನೊಂದು ಕಡೆ ಕಲಿಸುತ್ತದೆ. ಈ ಎರಡು ಪಾಠಗಳನ್ನೂ ಅರಿತು ಬಾಳುವುದೇ ಆ ದಂಪತಿಗಳಿಗೆ ಸಲ್ಲಿಸಬಹುದಾದ ನಿಜವಾದ ಗೌರವ.